‘ಪುಢ?’ ಎನ್ನುತ್ತಿದ್ದ ಕಾಕು

ಹೋದ ವಾರ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಓದಲು ಒಯ್ದಿದ್ದ ಕಾದಂಬರಿಯನ್ನು ಮರಳಿ ತಂದಳು. ನಾನು ಗೊಳಸಂಗಿ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಸ್ಟಾಫ್ ರೂಮಿನ ಮೂಲೆಯ ಕಪಾಟಿನಲ್ಲಿ ಈ ವಯಸ್ಸಿನ ಮಕ್ಕಳು ಓದಬಹುದಾದ ಕಾದಂಬರಿಗಳನ್ನು ಕೂಡಿಹಾಕಿಕೊಂಡು ಕೂತಿದ್ದೇನೆ. ಪುಸ್ತಕ ತಿರುವಿ ನೋಡಿದರೆ ನಡುವಿನ ಪುಟದ ಅಂಚಿನಲ್ಲಿ ಹಳದಿ ಹೆಬ್ಬೆರಳೊಂದು ಮೂಡಿತ್ತು. ಹುಡುಗಿ ಬೈಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿ ನಿಂತಿದ್ದಳು. ನಾನು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದೆ. ಮೆಂತೆಹಿಟ್ಟು. ಹುರಿದ ಬೇಳೆ, ಮೆಂತೆ, ಇಂಗು, ಅರಿಶಿನ ಎಲ್ಲ ಕೂಡಿದ ಆ ವಾಸನೆ... ಎಷ್ಟು ವರ್ಷವಾಗಿತ್ತು, ಪುಸ್ತಕದಿಂದ ಅದು ಬಂದು.

ನಾನು ಬೆಳೆದ ಇಂಡಿಯಲ್ಲಿ ನಮ್ಮ ಮನೆಯ ಎದುರಿಗೇ ಕಾಕುವಿನ ಮನೆ. ಕಾಕು ಎಂದರೆ ಚಿಕ್ಕಮ್ಮ, ಆದರೆ ಸಂಬಂಧದಲ್ಲಿ ಅವರು ನಮಗೆ ಏನೂ ಆಗಬೇಕಾಗಿರಲಿಲ್ಲ. ಇಡೀ ಓಣಿಗೇ ಅವರು ಕಾಕು. ಸೊಲ್ಲಾಪುರದ ಕಡೆಯಿಂದ ಸೊಸೆಯಾಗಿ ಬಂದವರು, ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ಅವರ ಯಜಮಾನರು ಕನ್ನಡದ ಮಾಸ್ತರರು, ನನಗೆ ಬುದ್ಧಿ ಬರುವ ಹೊತ್ತಿಗಾಗಲೇ ತೀರಿಹೋಗಿದ್ದರು. ಅವರು ಬಿಟ್ಟುಹೋದದ್ದು ಪಡಸಾಲೆಯ ಗೋಡೆಗಪಾಟಿನ ತುಂಬ ಕನ್ನಡ ಕಾದಂಬರಿಗಳು. ಕಾಕು ಅವಕ್ಕೆ ಬೇವಿನೆಲೆ ಹಾಕಿ ಇಟ್ಟುಕೊಂಡಿದ್ದರು.

ಸಂಜೆ ಸಾಲೆ ಬಿಟ್ಟ ಮೇಲೆ ಓಣಿಯ ಹುಡುಗಿಯರೆಲ್ಲ ಅಲ್ಲಿ ಸೇರುತ್ತಿದ್ದೆವು. ಪುಸ್ತಕ ಬೇಕಾದವರು ಒಯ್ಯಬಹುದಿತ್ತು. ಕರಾರು ಒಂದೇ, ಓದಿ ಮುಗಿಸಿದವಳು ಕಾಕುವಿನ ಮುಂದೆ ಕೂತು ಕಥೆಯನ್ನು ಮೊದಲಿನಿಂದ ಕಡೆಯತನಕ ಹೇಳಬೇಕು. ಹೇಳದವಳಿಗೆ ಮುಂದಿನ ಪುಸ್ತಕವಿಲ್ಲ. ಓದದೆ ಓದಿದ್ದೇನೆ ಎನ್ನುವ ಕಳ್ಳಿಯರನ್ನು ಹಿಡಿಯುವ ಉಪಾಯವಿದು ಎಂದು ನಾವು ತಿಳಿದಿದ್ದೆವು. ನಾವು ಹೇಳುತ್ತಿದ್ದರೆ ಅವರು ದೊಡ್ಡ ಬೋಗುಣಿಯಲ್ಲಿ ಅವಲಕ್ಕಿಗೆ ಎಣ್ಣೆ, ಖಾರ, ಮೆಂತೆಹಿಟ್ಟು ಹಚ್ಚುತ್ತಾ ಕೇಳುತ್ತಿದ್ದರು. ನಮಗೂ ಒಂದೊಂದು ಹಿಡಿ ಸಿಗುತ್ತಿತ್ತು. ಆ ಕಪಾಟಿನ ಪುಸ್ತಕಗಳಿಗೆಲ್ಲ ನಮ್ಮ ಹಳದಿ ಬೆರಳುಗಳೇ ಮೊಹರು.

ಕಥೆ ಸಾಧಾರಣವಾಗಿ ಸಾಗಿದ್ದರೆ ಕಾಕು ಕನ್ನಡದಲ್ಲೇ ‘ಮುಂದ?’ ಎನ್ನುತ್ತಿದ್ದರು. ಆದರೆ ಕಥೆ ಅವರನ್ನು ಹಿಡಿದುಕೊಂಡಿತೆಂದರೆ ಕನ್ನಡ ಮರೆತುಹೋಗುತ್ತಿತ್ತು. ಬೋಗುಣಿಯಲ್ಲಿ ಕೈ ನಿಲ್ಲುತ್ತಿತ್ತು, ಕುತ್ತಿಗೆ ಸ್ವಲ್ಪ ಮುಂದೆ ಬರುತ್ತಿತ್ತು, ‘ಪುಢ?’ ಎನ್ನುತ್ತಿದ್ದರು. ಮರಾಠಿಯಲ್ಲಿ ಅದಕ್ಕೂ ಮುಂದೇನು ಎಂದೇ ಅರ್ಥ. ಆದರೆ ನಮಗೆ ‘ಮುಂದ’ ಎಂದರೆ ಪಾಸು, ‘ಪುಢ’ ಎಂದರೆ ಫಸ್ಟ್ ಕ್ಲಾಸು. ಅವರ ಬಾಯಿಂದ ಒಂದು ‘ಪುಢ’ ಹೊರಡಿಸಲು ನಮ್ಮೊಳಗೆ ದೊಡ್ಡ ಪೈಪೋಟಿ. ನಾನಂತೂ ಒಮ್ಮೆ ಕಾದಂಬರಿಯಲ್ಲಿ ಇಲ್ಲದ ಹಾವೊಂದನ್ನು ತಂದು ಬಾವಿಗೆ ಬಿಟ್ಟೆ. ಕಾಕು ಅವಲಕ್ಕಿ ಕಲಸುತ್ತಲೇ, “ಅಗರಖೇಡದಾಕಿ ಹೇಳಿದಾಗ ಆ ಬಾವ್ಯಾಗ ಹಾವು ಇದ್ದಿದ್ದಿಲ್ಲಲ್ಲ” ಅಂದರು. ಹಾವನ್ನು ಅಲ್ಲಿಯೇ ಕೊಂದು ಕಥೆ ಮುಂದುವರಿಸಿದೆ.

ಅಗರಖೇಡದಾಕಿ ಎಂದರೆ ಆ ಊರಿಂದ ಬಂದು ನಮ್ಮ ಓಣಿಯಲ್ಲಿ ತನ್ನ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದ ನನ್ನ ಗೆಳತಿ. ಅವಳು ನಗುತ್ತ ಹೇಳಿದ ಕಥೆಯನ್ನೇ ನಾನು ಅಳುತ್ತ ಹೇಳಿದ್ದುಂಟು. ಕಾಕು ಎರಡನ್ನೂ ಒಪ್ಪುತ್ತಿದ್ದರು. ಯಾರಿಗೆ ಯಾವ ಪುಸ್ತಕ ಎಂಬುದರಲ್ಲಿ ಮಾತ್ರ ಅವರದೇ ಲೆಕ್ಕಾಚಾರ. ಮೂಗಿನ ತುದಿಗೆ ಸಿಟ್ಟಿದ್ದವಳಿಗೆ ತಾಳ್ಮೆಯ ನಾಯಕಿಯನ್ನು ಕೊಡುವುದು ಲೋಕರೂಢಿ. ಕಾಕು ಇನ್ನೂ ಸಿಟ್ಟಿನವಳನ್ನು ಕೊಡುತ್ತಿದ್ದರು. “ನಿನ್ನಕಿಂತಾ ಭಾರಿ ಸಿಟ್ಟಿನಾಕಿ ಇದ್ರಾಗ ಒಬ್ಬಾಕಿ ಇದ್ದಾಳ, ಆಕಿಗೆ ಏನಾತು ನೋಡ್ಕೊಂಡು ಬಾ” ಎಂದು ಕಳಿಸುತ್ತಿದ್ದರು. ಈಗ ನಾನು ಮಕ್ಕಳಿಗೆ ಪುಸ್ತಕ ಆರಿಸಿ ಕೊಡುವಾಗಲೂ ನನಗೆ ಗೊತ್ತಿರುವ ವಿದ್ಯೆ ಅದೊಂದೇ.

ನನ್ನ ಅಪ್ಪ ಲೆಕ್ಕದ ಮಾಸ್ತರ. ಊರಿಗೆಲ್ಲ ಒಳ್ಳೆಯ ಮಾಸ್ತರ, ಮನೆಯಲ್ಲಿ ಇನ್ನಷ್ಟು ಮಾಸ್ತರ. “ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರ. ಕಾದಂಬರಿ ಅನ್ನೂದು ಆ ಒಕ್ಕಾಲಿನ್ಯಾಗೂ ಬರೂದಿಲ್ಲ” ಎನ್ನುತ್ತಿದ್ದರು. ನಾನು ಹತ್ತನೆಯ ತರಗತಿಯಲ್ಲಿದ್ದ ವರ್ಷ, ಪರೀಕ್ಷೆ ಹತ್ತಿರ ಬಂದಾಗ, ಲೆಕ್ಕದ ಪುಸ್ತಕದ ಹೊಟ್ಟೆಯಲ್ಲಿ ಕಾದಂಬರಿ ಇಟ್ಟುಕೊಂಡು ಓದುತ್ತಾ ಸಿಕ್ಕಿಬಿದ್ದೆ. ಅಪ್ಪ ತೆರೆದಿದ್ದ ಪುಟ ನೋಡಿದರು. ಗ್ರಹಚಾರಕ್ಕೆ ಅದು ಕಥೆಯ ಹುಡುಗಿಗೆ ಒಬ್ಬ ಹುಡುಗ ಚೀಟಿ ಕೊಡುವ ಪುಟವೇ ಆಗಿರಬೇಕೇ... ಇನ್ನು ಮೇಲೆ ಆ ಮನೆಯ ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆ ಎಂದರು. ಪುಸ್ತಕ ಹಿಡಿದು, ನನ್ನನ್ನೂ ಕರೆದುಕೊಂಡು, ಎದುರು ಮನೆಗೆ ನಡೆದರು. ಪರೀಕ್ಷೆಯ ಭಯ ನನಗಿರಲಿಲ್ಲ. ಆ ಪಡಸಾಲೆ ಕೈತಪ್ಪುತ್ತದಲ್ಲ ಎಂಬ ಭಯವಿತ್ತು.

“ಬಾಯಾರ, ಇಂಥಾ ಪುಸ್ತಕ ಹುಡುಗ್ಯಾರ ಕೈಯಾಗ ಕೊಡೂದೇನ್ರಿ? ಈ ಪುಟ ನೀವ ಒಮ್ಮಿ ಓದಿ ನೋಡ್ರಿ” ಎಂದು ಅಪ್ಪ ಪುಸ್ತಕ ಚಾಚಿದರು.

ಕಾಕು ಸೆರಗಿಗೆ ಕೈ ಒರೆಸಿಕೊಂಡು ಪುಸ್ತಕ ತೆಗೆದುಕೊಂಡರು. ಆದರೆ ಅದರ ಕಡೆ ನೋಡಲಿಲ್ಲ.

“ನಂಗ ಕನ್ನಡಾ ಓದ್ಲಿಕ್ಕೆ ಬರಂಗಿಲ್ರಿ, ಮಾಸ್ತರ” ಅಂದರು. “ಅವರು ಇದ್ದಾಗ ದಿನಾ ಸಂಜೀಕೆ ಓದಿ ಹೇಳ್ತಿದ್ರು. ಅವರು ಹೋದಮ್ಯಾಲೆ ಈ ಹುಡುಗ್ಯಾರು ಹೇಳ್ತಾರ. ಏನು ತಪ್ಪದ ಅಂತ ನಂಗೂ ತಿಳೀಲಿ. ಆಕೀನ ಓದ್ಲಿ, ಇಬ್ರೂ ಕೂತು ಕೇಳೋಣು.”

ವರ್ಷಗಟ್ಟಲೆ ನಮ್ಮನ್ನು ಕೂರಿಸಿಕೊಂಡು ಪರೀಕ್ಷೆ ಮಾಡುತ್ತಿದ್ದಾರೆಂದು ನಾವು ನಂಬಿದ್ದ ಕಾಕು, ನಮ್ಮ ಬಾಯಿಂದ ಕಾದಂಬರಿ ಓದಿಸಿಕೊಳ್ಳುತ್ತಿದ್ದರು. ನನ್ನ ಹಾವಿನ ನೆನಪಾಗಿ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು.

ಅಪ್ಪ ಕಟ್ಟೆಯ ಮೇಲೆ ಕೂತರು. ಕಾಕು ಪುಸ್ತಕವನ್ನು ನನ್ನ ಕೈಗಿಟ್ಟು, “ಎಲ್ಲಿಂದ ಓದಬೇಕು ಅನಸ್ತದೋ ಅಲ್ಲಿಂದ ಓದು” ಅಂದರು. ಅಪ್ಪ ಚೀಟಿಯ ಪುಟಕ್ಕೆ ಕಾಯುತ್ತಿದ್ದರು. ನನ್ನ ಬೆರಳು ಅದಕ್ಕಿಂತ ಬಹಳ ಹಿಂದಿನ ಪುಟಕ್ಕೆ ಹೋಯಿತು. ಎಲ್ಲಿಂದ ಆ ಧೈರ್ಯ ಬಂತೋ ಇಂದಿಗೂ ತಿಳಿಯದು.

ಕಥೆಯ ಆ ಹುಡುಗಿಯ ತಂದೆ ರೈಲ್ವೆಯಲ್ಲಿ ಕೆಲಸ ಮಾಡುವವನು. ಜಲ್ಲಿಕಲ್ಲಿನ ಮೇಲೆ ಅವನ ಬೂಟಿನ ಸಪ್ಪಳ ಕೇಳಿಸಿದೊಡನೆ ತಾಯಿ ಗುನುಗುತ್ತಿದ್ದ ಹಾಡು ನಿಲ್ಲುತ್ತದೆ, ತಮ್ಮ ಬುಗುರಿಯನ್ನು ಮಂಚದ ಕೆಳಗೆ ತಳ್ಳುತ್ತಾನೆ, ಹುಡುಗಿ ಕೈಗೆ ಸಿಕ್ಕ ಪುಸ್ತಕ ತೆರೆಯುತ್ತಾಳೆ. ತಂದೆ ಒಳಗೆ ಬಂದು, ಎಲ್ಲರೂ ಸುಮ್ಮನಿರುವುದನ್ನು ಕಂಡು, ತನ್ನ ಮನೆ ಎಷ್ಟು ಶಿಸ್ತಾಗಿದೆ ಎಂದು ಸಂತೋಷಪಡುತ್ತಾನೆ. ತಾನು ಬರುವ ಮೊದಲು ಆ ಮನೆಯಲ್ಲಿ ನಗುವಿತ್ತು ಎಂಬುದು ಅವನಿಗೆ ಗೊತ್ತೇ ಇಲ್ಲ.

ಅಷ್ಟು ಓದಿ ನಿಲ್ಲಿಸಿದೆ. ನಮ್ಮ ಮನೆಯಲ್ಲಿ ಬೂಟು ಇರಲಿಲ್ಲ, ಸೈಕಲ್ ಸ್ಟ್ಯಾಂಡಿನ ಸಪ್ಪಳವಿತ್ತು, ಉಳಿದದ್ದೆಲ್ಲ ಅದೇ. ಅಪ್ಪ ನೆಲ ನೋಡುತ್ತಿದ್ದರು. ಆ ಕಥೆಯನ್ನು ಕಾಕು ಎಷ್ಟೋ ಹುಡುಗಿಯರ ಬಾಯಲ್ಲಿ ಕೇಳಿದ್ದರು, ಮುಂದೇನೆಂದು ನನಗಿಂತ ಚೆನ್ನಾಗಿ ಬಲ್ಲರು. ಆದರೂ ಕುತ್ತಿಗೆ ಮುಂದೆ ಚಾಚಿ, ಮೊದಲ ಸಲ ಕೇಳುವವರ ಹಾಗೆ, “ಪುಢ?” ಅಂದರು.

ನಾನು ಅಪ್ಪನ ಮುಖ ನೋಡಿದೆ. ಅಪ್ಪ, “ಓದವ್ವ” ಅಂದರು.

ದೀಪ ಹಚ್ಚುವತನಕ ಓದಿದೆ. ಚೀಟಿಯ ಪುಟವೂ ಬಂತು, ಹೋಯಿತು. ಅಪ್ಪ ಆ ಮೇಲೆ ಕಾದಂಬರಿಯನ್ನು ಹೊಗಳಿದವರಲ್ಲ, ಬೇಡವೆಂದವರೂ ಅಲ್ಲ. ಆದರೆ ಮರುದಿನದಿಂದ ಓಣಿಯ ತಿರುವಿನಲ್ಲೇ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಬರತೊಡಗಿದರು. ಹಿಂದೆಂದೂ ಅವರು ಆ ಗಂಟೆ ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಬಚ್ಚಿಡುವವರಿಗೆ ಅದರಿಂದ ಇನ್ನಷ್ಟು ಅನುಕೂಲವೇ ಆಯಿತು ಎನ್ನಿ. ಆದರೆ ನಿಧಾನವಾಗಿ ನಾವು ಬಚ್ಚಿಡುವುದನ್ನೇ ಮರೆತೆವು...

ನಾನು ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದೆ. ಕಾಕು ಮಗನ ಜೊತೆ ಸಿಂದಗಿಗೆ ಹೋದರು. ಫೋನು ಮಾಡಿದರೆ ಕ್ಷೇಮಸಮಾಚಾರ ಆಮೇಲೆ, ಮೊದಲು “ಈಗ ಏನು ಓದ್ಲಿಕತ್ತಿ?” ಎಂದೇ ಕೇಳುವರು. ನಾನು ಅಡುಗೆ ಮಾಡುತ್ತಾ, ಫೋನನ್ನು ಹೆಗಲಿಗೆ ಒತ್ತಿಕೊಂಡು, ಎಷ್ಟೋ ಕಾದಂಬರಿಗಳನ್ನು ಸಿಂದಗಿಗೆ ಮುಟ್ಟಿಸಿದ್ದೇನೆ. ಆಮೇಲೆ ಅವರ ಕಿವಿ ಮಂದವಾಯಿತು, ಫೋನು ನಿಂತಿತು.

ಅವರು ತೀರಿಕೊಂಡ ಸುದ್ದಿ ತಿಳಿದು ಸಿಂದಗಿಗೆ ಹೋದೆ. ಅವರ ಮಂಚ ಇನ್ನೂ ಮುಂಬಾಗಿಲಿನ ಹತ್ತಿರವೇ ಇತ್ತು. ಅಲ್ಲಿ ಯಾಕೆ ಎಂದು ಕೇಳಿದೆ. ಸೊಸೆ ಕಣ್ಣೊರೆಸಿಕೊಂಡು ಹೇಳಿದರು, “ಕಡೀ ಕಡೀಗೆ ಕನ್ನಡಾ ಪೂರಾ ಮರ್ತುಬಿಟ್ಟಿದ್ರು. ಯಾರು ಬಂದ್ರೂ ಮಾರಿ ನೋಡಿ ‘ಪುಢ’ ಅನ್ನೋರು. ಮುಂದಕ್ಕ ಒಯ್ಯಿರಿ ಅಂತಾರ ಅಂತ ಮಂಚಾ ಮುಂದ ಸರಸಿದ್ವಿ. ಮತ್ತ ‘ಪುಢ’ ಅಂದ್ರು. ಪಡಸಾಲಿಗೆ ತಂದ್ವಿ. ಮತ್ತೂ ಅದನ್ನ ಅಂದ್ರು. ಬಾಗಲಾ ತನಕಾ ಬಂತು ನೋಡ್ರಿ. ಇನ್ನೂ ಎಲ್ಲಿಗೆ ಒಯ್ಯಬೇಕಾಗಿತ್ತೋ, ತಿಳೀಲೇ ಇಲ್ಲ.”

ಮುಂದಕ್ಕೆ ಎಂಬ ಅರ್ಥವೂ ಆ ಮಾತಿಗೆ ಇದೆ. ತಪ್ಪು ಅವರದಲ್ಲ. ಅತ್ತೆಯ ಮೇಲಿನ ಪ್ರೀತಿಯಿಂದ ಇಡೀ ಮನೆ ಕೂಡಿ ಆ ಮಂಚ ಎತ್ತಿತ್ತು. “ಛಲೋ ಮಾಡಿದ್ರಿ. ಅವರಿಗೆ ಗಾಳಿ, ಬೆಳಕು ಸೇರ್ತಿತ್ತು” ಎಂದಷ್ಟೇ ಹೇಳಿದೆ. ಬಸ್ಸಿನಲ್ಲಿ ಕೂತ ಮೇಲೆ ಅಳು ತಡೆಯಲಾಗಲಿಲ್ಲ. ಕಾಕು ಕಥೆ ಕೇಳುತ್ತಿದ್ದರು. ಹೇಳಲು ನಾನು ಅಲ್ಲಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಎದುರಿಗೆ ನಿಂತಿದ್ದ ಹುಡುಗಿ ಇನ್ನೂ ಹಳದಿ ಕಲೆಯನ್ನೇ ನೋಡುತ್ತಿದ್ದಳು. ಕುಳ್ಳಿರಲು ಹೇಳಿದೆ. ಕಥೆ ಏನು ಎಂದು ಕೇಳಿದೆ. “ನೀವು ಇದನ್ನ ಓದಿಲ್ಲೇನ್ರಿ, ಅಕ್ಕೋರ?” ಅಂದಳು. ಎಷ್ಟೋ ಸಲ ಓದಿದ ಪುಸ್ತಕ ಅದು. “ಇಲ್ಲವ್ವ, ನೀ ಹೇಳು” ಅಂದೆ.

ಹೆದರಿಕೆ ಬಿಟ್ಟು, ಕೈ ಕುಣಿಸುತ್ತಾ ಹೇಳತೊಡಗಿದಳು. ಒಳ್ಳೆಯ ಘಟ್ಟಕ್ಕೆ ಬಂದು, ನಾನೇನೆನ್ನುತ್ತೇನೋ ಎಂದು ತಡೆದಳು. ನಾನು ಕೇಳಬೇಕಾದ ಮಾತು ಬಾಯಿಯತನಕ ಬಂತು. ಅದಕ್ಕೂ ಮೊದಲೇ ನನ್ನ ಕುತ್ತಿಗೆ ಸ್ವಲ್ಪ ಮುಂದೆ ಹೋಗಿತ್ತು.

ಹುಡುಗಿ ನನ್ನ ಮುಖ ನೋಡಿದಳು. “ಮುಂದ ಹೇಳ್ಲೇನ್ರಿ?” ಅಂದಳು.