ಜೇಲಿನ ಬೀಸುಕಲ್ಲು

ಜೇಲಿಗೆ ಹೋಗಿ ಬಂದವಳು ಎಂದು ನನ್ನನ್ನು ಈಗಲೂ ಕೆಲವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಾನೇನು ಕದ್ದು ಹೋಗಿರಲಿಲ್ಲ.

ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂದ ಹೊಸತು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ನನ್ನ ಗಂಡ ಕಲ್ಲು ಎಬ್ಬಿಸುತ್ತಿದ್ದ, ನಾನು ಹೊರುತ್ತಿದ್ದೆ. ಒಂದು ದಿನ ನಮ್ಮ ಪಕ್ಕದ ಮನೆಯ ಮುದುಕಿಯ ಮಗನ ಕಾಲಿನ ಮೇಲೆ ಖಣಿಯ ಬದಿ ಕುಸಿದು ಬಿತ್ತು. ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ನೋಡದೆ ನಿಂತದ್ದು ಅವನದೇ ತಪ್ಪು ಎಂದ ಮಾಲೀಕ. ಆ ಬದಿ ಬೀಳುತ್ತದೆಂದು ನಾವು ಎಂಟು ದಿನದಿಂದ ಬಾಯಿ ಬಡಿದುಕೊಳ್ಳುತ್ತಿದ್ದೆವು! ಸಿಟ್ಟು ನೆತ್ತಿಗೇರಿ ಲಾರಿಗಳ ಮುಂದೆ ಕುಳಿತುಬಿಟ್ಟೆವು. ಪೊಲೀಸರು ಎತ್ತಿ ಜೇಲಿಗೆ ತುಂಬಿದರು. ಗೋಡೆಯ ಆಚೆ ಗಂಡಸರು, ಈಚೆ ನಾವು ಆರು ಹೆಂಗಸರು. ಮುದುಕಿಯೂ ಆ ಆರರಲ್ಲಿ ಒಬ್ಬಳು.

ಮೂರನೆಯ ದಿನ ಜೇಲಿನ ಜಮಾದಾರ ಕಾಗದ, ಮಸಿ ಹಿಡಿದು ಬಂದ. ತಪ್ಪೆಲ್ಲ ಮುದುಕಿಯ ಮಗನದೇ ಎಂದು ಮಾಲೀಕ ಅದರಲ್ಲಿ ಬರೆಸಿದ್ದನ್ನು ಓದಿ ಹೇಳಿದ.

"ಹೆಬ್ಬಟ್ಟು ಒತ್ತಿ ಮನಿಗಿ ನಡೀರಿ. ನಿಮ್ಮ ಗಂಡಸರೆಲ್ಲಾ ಒತ್ತ್ಯಾರ."

"ಒತ್ತಿದ್ದು ತೋರಸ್ರಿ ನೋಡಮು," ಎಂದೆ.

"ಭಾಳ ಮಾತಾಡ್ತಿ ನೀ," ಎಂದು ಗದರಿ ಹೋದ. ಆದರೂ ನನಗೆ ಅನುಮಾನ ಹೊಕ್ಕಿತು. ಹೆಂಗಸರು ಒತ್ತಿಬಿಟ್ಟರು ಎಂದು ಆಚೆಯೂ ಇದೇ ಸುಳ್ಳು ಹೇಳಿದ್ದರೆ? ಮನೆ ಮಕ್ಕಳ ಚಿಂತೆಯಲ್ಲಿ ಒಬ್ಬ ಒತ್ತಿದರೂ ಉಳಿದವರು ಅವನ ಹಿಂದೆಯೇ. ಕೇಳೋಣವೆಂದರೆ ಆಚೆಯವರೊಡನೆ ಮಾತಾಡುವ ಹಾಗಿರಲಿಲ್ಲ.

ಅಂದು ಊರಿನ ಗಿರಣಿ ಕೆಟ್ಟಿತ್ತು. ಜಮಾದಾರ ಜೋಳದ ಚೀಲ, ಬೀಸುಕಲ್ಲು ತರಿಸಿ ನಮ್ಮ ಮುಂದಿಟ್ಟ. "ನಾವೇನು ಶಿಕ್ಷಾ ಆದ ಕೈದಿಗಳೇನ್ರಿ?" ಎಂದು ನಾನು ಜಗಳಕ್ಕೆ ನಿಂತೆ. ಮುದುಕಿ ನನ್ನ ಸೆರಗು ಜಗ್ಗಿದಳು.

"ಬೀಸ್ತೀವ್ರಿ ಯಪ್ಪಾ. ಖರೆ, ಹಾಡಿಲ್ದ ಕಲ್ಲು ತಿರಗಂಗಿಲ್ಲ."

"ಹಾಡ್ಕೋರಿ, ಯಾರು ಬ್ಯಾಡಂದಾರ?"

ತವರು, ಅಣ್ಣ, ಮಲ್ಲಯ್ಯ ಎಂದು ಏನೋ ಹಾಡಿಕೊಳ್ಳುತ್ತಾರೆ ಎಂದುಕೊಂಡಿರಬೇಕು. ಬೀಸುತ್ತ ಬೀಸುತ್ತಲೇ ಹೊಸ ಪದ ಕಟ್ಟುತ್ತೇವೆಂಬುದು ಆ ಶಾಣ್ಯಾನಿಗೆ ಹೊಳೆಯಲಿಲ್ಲ. ಮುದುಕಿ ಮೊದಲು ಶಿವನನ್ನು ನೆನೆದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ದನಿ ಎತ್ತಿದಳು:

ಬೀಸೂವ ಕೈಗೆಲ್ಲ ಬಿಳಿ ಹಿಟ್ಟು ಹತ್ಯಾದ
ಹೆಬ್ಬಟ್ಟಿಗಿ ಮಸಿಯ ಹತ್ತಿಲ್ಲ, ಗೋಡ್ಯಾಚಿ
ಅಣ್ಣಾ ನಿನ ಹೆಬ್ಬಟ್ಟ ಹೆಂಗದ?

ನಾವು ಐವರೂ ಸೊಲ್ಲು ಹಿಡಿದೆವು. ಎರಡು ಸಲ, ಮೂರು ಸಲ. ಆಚೆ ಸದ್ದಿಲ್ಲ. ಒತ್ತಿಬಿಟ್ಟಿದ್ದಾರೆ ಎಂದುಕೊಂಡೆ. ಆದರೂ ಕಲ್ಲಿನ ಗೂಟ ಬಿಡದೆ ಇನ್ನೊಂದು ಸುತ್ತು ತಿರುಗಿಸಿದೆ.

ಆಗ ಒಂದು ದನಿ ಎದ್ದಿತು. ನನ್ನ ಗಂಡನದು! ಭಜನೆಯಲ್ಲಿ ತಾಳ ಹಾಕಲೂ ಬಾರದವನು, ಹೆಂಗಸರ ಪದ ಹಾಡಿದರೆ ಮಂದಿ ನಗುತ್ತಾರೆಂದು ನಾಚುವವನು, ತಗಡು ಎಳೆದ ಹಾಗೆ ಒದರುತ್ತಿದ್ದ:

"ನಮ್ಮ ಹೆಬ್ಬಟ್ಟಿಗೂ ಮಸಿ ಹತ್ತಿಲ್ಲ ತಂಗೀ..."

ಕಟ್ಟಿಕೊಂಡ ಹೆಂಡತಿಯನ್ನೂ ಸೇರಿಸಿ ಎಲ್ಲರಿಗೂ ತಂಗಿ ಎಂದುಬಿಟ್ಟಿದ್ದ ಪುಣ್ಯಾತ್ಮ. ನಾನು ನಗುತ್ತಲೇ ಅತ್ತುಬಿಟ್ಟೆ. ಉಳಿದ ಗಂಡಸರೂ ದನಿಗೂಡಿಸಿದರು.

ಜಮಾದಾರ ಓಡಿ ಬಂದು ಕಲ್ಲು ಎತ್ತಿಸಿಕೊಂಡು ಹೋದ. "ಕಲ್ಲು ಒಯ್ದ್ರಿ, ಗಂಟಲಾ ಹೆಂಗ ಒಯ್ತೀರಿ?" ಎಂದಳು ಮುದುಕಿ. ಬರಿಗೈಯಲ್ಲಿ ಮತ್ತೆರಡು ದಿನ ಹಾಡಿದೆವು. ಬೈದರು, ಊಟ ತಡಮಾಡಿದರು, ನಾವು ನಿಲ್ಲಿಸಲಿಲ್ಲ. ಕೊನೆಗೆ ಕಾಗದ ಬಂದ ಹಾಗೆಯೇ ಹೋಯಿತು, ಒಂದೂ ಹೆಬ್ಬೆಟ್ಟಿಲ್ಲದೆ. ಇಟ್ಟುಕೊಂಡು ಲಾಭವಿಲ್ಲವೆಂದು ನಮ್ಮನ್ನೂ ಬಿಟ್ಟರು.

ಸೀದಾ ದವಾಖಾನೆಗೆ ಹೋದೆವು. ಮುದುಕಿಯ ಮಗ ಗೋಡೆಗೆ ಮುಖ ಮಾಡಿ ಮಲಗಿದ್ದ. ಮಾಲೀಕನ ಕಡೆಯವರು ದಿನಾ ಬಂದು ಹೇಳಿ ಹೇಳಿ ಅವನೂ ನಂಬಿಬಿಟ್ಟಿದ್ದ.

"ನಾನೇ ನೋಡಲಿಲ್ಲೇನೋ ಯವ್ವಾ. ನಂದೇ ತಪ್ಪು."

ಮುದುಕಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿದಳು.

"ಇನ್ನೊಮ್ಮಿ ಆ ಮಾತಾಡಿದಿ ಅಂದ್ರ ಬಾಯಿ ಮ್ಯಾಗ ಬಡೀತೀನಿ. ಇಷ್ಟು ಮಂದಿ ಒತ್ತಲಾರದ ಹೆಬ್ಬಟ್ಟು ನೀ ಒಬ್ಬಾಂವ ಒತ್ತಬ್ಯಾಡ ಮಗನ."