ಭಾವನ ಹಗಲು

ಬಲಗೆನ್ನೆಯ ಮೇಲೆ ಕಿವಿಯಿಂದ ತುಟಿಯ ಅಂಚಿನವರೆಗೆ ದಿಂಬಿನ ಗೆರೆ. ನಮ್ಮ ಭಾವನನ್ನು ನೆನೆದರೆ ನನಗೆ ಮೊದಲು ಕಾಣುವುದು ಅದೇ. ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜಿನಲ್ಲಿದ್ದ ಅಕ್ಕನ ಮನೆಯಲ್ಲಿ ನಡುಮಧ್ಯಾಹ್ನ ನೆಂಟರಿಷ್ಟರೆಲ್ಲ ಕೂತು ಚಕ್ಕುಲಿ ಮುರಿಯುತ್ತಿದ್ದರೆ, ಆ ಗೆರೆ ಹೊತ್ತ ಮುಖ ಮೆಲ್ಲಗೆ ಮಹಡಿಯ ಮೆಟ್ಟಿಲು ಇಳಿದು ಬರುತ್ತಿತ್ತು. ಯಾರಾದರೊಬ್ಬರು "ಗುಡ್ ಮಾರ್ನಿಂಗ್ ಅಂಕಲ್" ಎನ್ನುತ್ತಿದ್ದರು. ಉಳಿದವರು ಕಿಸಕ್ಕೆಂದು ನಗುತ್ತಿದ್ದರು. ಭಾವನೂ ಅವರ ಜೊತೆ ಸೇರಿ ನಕ್ಕುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವರು. ಹವಾಮಾನ ಅಳೆಯುವ ಉಪಕರಣಗಳ ಕೆಲಸ ಚೆನ್ನಾಗಿ ಬಲ್ಲವರು. ಅಕ್ಕನನ್ನು ಮದುವೆಯಾದ ಹೊಸದರಲ್ಲೇ ಅಂಟಾರ್ಕ್ಟಿಕಾಕ್ಕೆ ಹೊರಟಿದ್ದ ಸಂಶೋಧನಾ ತಂಡ ಸೇರಿ, ಒಂದು ಇಡೀ ಚಳಿಗಾಲವನ್ನು ಅಲ್ಲೇ ಕಳೆದು ಬಂದರು. ಆ ಚಳಿಗಾಲದಲ್ಲಿ ಎರಡು ತಿಂಗಳ ಹತ್ತಿರ ಸೂರ್ಯ ಹುಟ್ಟುವುದೇ ಇಲ್ಲವಂತೆ.

"ಅಲ್ಲಿ ಎಲ್ರ ಹೊತ್ತೂ ಕೆಟ್ಟಿತ್ತಮ್ಮ," ಎನ್ನುತ್ತಿದ್ದರು. "ಒಬ್ಬ ತಿಂಡಿ ತಿಂತಿದ್ರೆ ಪಕ್ಕದೋನು ರಾತ್ರಿ ಊಟ ಮುಗಿಸ್ತಿರ್ತಾನೆ. ಗಡಿಯಾರ ಎಂಟು ಗಂಟೆ ತೋರ್ಸತ್ತೆ. ಬೆಳಗಿಂದೋ ಸಂಜೇದೋ ಅಂತ ಕೇಳಿದ್ರೆ ಅವನಿಗೂ ಗೊತ್ತಿರಲ್ಲ."

ಬೇಸಿಗೆಯಲ್ಲಿ ಇದರ ತಿರುಗುಮುರುಗು. ಸೂರ್ಯ ಮುಳುಗುವುದೇ ಇಲ್ಲ, ಕಿಟಕಿಗೆ ಕರಿ ಬಟ್ಟೆ ಬಿಗಿದು ಮಲಗಬೇಕು. ಇಷ್ಟೆಲ್ಲದರ ನಡುವೆಯೂ ಒಂದು ಪದ್ಧತಿಯನ್ನು ಮಾತ್ರ ಅಲ್ಲಿ ಯಾರೂ ಮುರಿಯುತ್ತಿರಲಿಲ್ಲವಂತೆ. ಮಲಗಿದವನನ್ನು ಎಬ್ಬಿಸುವ ಹಾಗಿಲ್ಲ. ಅವನ ಪಾಲಿನ ಊಟ ಬಡಿಸಿ, ತಟ್ಟೆ ಮುಚ್ಚಿಡಬೇಕು. "ಯಾಕೋ ಇಷ್ಟು ಹೊತ್ತು ಮಲಗಿದ್ದೆ ಅಂತ ಯಾರೂ ಯಾರನ್ನೂ ಕೇಳ್ತಿರ್ಲಿಲ್ಲ" ಎಂದು ಹೇಳುವಾಗ ಭಾವನ ಮುಖದಲ್ಲಿ ತವರಿನ ಮಾತಾಡುವ ಹೆಂಗಸಿನ ಕಳೆ ಇರುತ್ತಿತ್ತು.

ಮತ್ತೆ ಸೂರ್ಯ ಹುಟ್ಟಿದ ದಿನ ಎಲ್ಲರೂ ಹಿಮದಲ್ಲಿ ನಿಂತು ಮಕ್ಕಳ ಹಾಗೆ ಕೂಗಿಕೊಂಡರಂತೆ. ಆಮೇಲೆ ಒಬ್ಬೊಬ್ಬರದೇ ನಿದ್ದೆ ಹಾದಿಗೆ ಬಂತು.

"ಎಲ್ರ ಹೊತ್ತೂ ವಾಪಸ್ ಬಂತು. ನಂದು ಬರ್ಲಿಲ್ಲ."

ಅವರ ಮೈಗೆ ಒಂದು ದಿನವೆಂದರೆ ನಮ್ಮ ದಿನಕ್ಕಿಂತ ಮುಕ್ಕಾಲು ಗಂಟೆಯಷ್ಟು ಉದ್ದ. ಇವತ್ತು ಹತ್ತಕ್ಕೆ ನಿದ್ದೆ ಬಂದರೆ ನಾಳೆ ಹನ್ನೊಂದರ ಹತ್ತಿರ, ನಾಡಿದ್ದು ಇನ್ನೂ ಆಚೆ. ಹೀಗೆ ಜಾರುತ್ತ ಜಾರುತ್ತ ಎರಡು ವಾರ ಕಳೆಯುವಷ್ಟರಲ್ಲಿ ಹಗಲೇ ರಾತ್ರಿಯಾಗುತ್ತಿತ್ತು. ಮತ್ತೆರಡು ವಾರಕ್ಕೆ ಸುತ್ತು ಮುಗಿದು ಊರಿನ ಹಗಲಿಗೆ ಬಂದು ಸೇರುತ್ತಿತ್ತು. ಅಮೆರಿಕಕ್ಕೆ ಬಂದ ಮೇಲೆ ಇಲ್ಲಿನ ನಿದ್ದೆಯ ಡಾಕ್ಟರು ಬೆಳಗಿನ ಹೊತ್ತು ಪ್ರಖರ ದೀಪದ ಮುಂದೆ ಕೂರಿಸಿ ನೋಡಿದರು, ಮಾತ್ರೆ ಕೊಟ್ಟು ನೋಡಿದರು. ಕೆಲವು ದಿನ ನಿಂತು ಮತ್ತೆ ಜಾರಿತು. ಇದು ಹಿಮದಿಂದಲೇ ಬಂತು ಎನ್ನಲಾಗದು, ಮೊದಲೇ ಮೈಯಲ್ಲಿದ್ದದ್ದು ಅಲ್ಲಿ ಹೊರಬಿದ್ದಿರಬಹುದು ಎಂದೂ ಆ ಡಾಕ್ಟರು ಹೇಳಿದರು. ಅಷ್ಟೂ ಮಾತಿನಲ್ಲಿ ಅಕ್ಕ ಹಿಡಿದುಕೊಂಡದ್ದು "ಮೊದಲೇ" ಎನ್ನುವ ಒಂದನ್ನು. "ಹಾಗಾದ್ರೆ ಮುಚ್ಚಿಟ್ಟು ಮದ್ವೆ ಮಾಡಿದಾರೆ ನಂಗೆ" ಎಂದು ವರ್ಷಗಟ್ಟಲೆ ಅಂದಳು.

ಹೊತ್ತಿಗೆ ಸರಿಯಾಗಿ ಹೋಗಬೇಕಾದ ಕೆಲಸಗಳು ಒಂದರ ಹಿಂದೊಂದು ಹೋದವು. ಕೊನೆಗೆ ಮನೆಯಲ್ಲೇ ಕೂತು ಯಂತ್ರಗಳ ಕೈಪಿಡಿ ಬರೆದುಕೊಡುವ ಕೆಲಸ ಹಿಡಿದರು. ನಮ್ಮ ಜನ ಸುಮ್ಮನಿರುತ್ತಾರೆಯೇ? ಹೆಂಡತಿ ದುಡಿಯುತ್ತಾಳೆ, ಇವರು ಗೊರಕೆ ಹೊಡೆಯುತ್ತಾರೆ ಎಂದರು. ಹಾಗೆ ಅಂದವರು ಯಾರು? ಬೆಂಗಳೂರಿಗೆ ಹೋಗಿಬಂದರೆ ಒಂದು ವಾರ "ಜೆಟ್ ಲ್ಯಾಗ್ ಕಣ್ರೀ, ತಲೆನೇ ಓಡ್ತಿಲ್ಲ" ಎಂದು ಗೋಳಾಡುವ ಇದೇ ಮಹನೀಯರು. ಅವರದು ಜೆಟ್ ಲ್ಯಾಗು, ಭಾವನದು ಸೋಮಾರಿತನ.

ಮಧ್ಯಾಹ್ನ ನಾನು ಫೋನ್ ಮಾಡಿದರೆ ಒಮ್ಮೊಮ್ಮೆ ನಿದ್ದೆಗಣ್ಣಿನ ದನಿ ಬರುತ್ತಿತ್ತು. "ನನ್ನ ಸೂರ್ಯ ಇನ್ನೂ ಹುಟ್ಟಿಲ್ಲಮ್ಮ. ಆಮೇಲೆ ಮಾಡ್ತೀಯಾ?" ಅವರ ಹಗಲೂ ಊರಿನ ಹಗಲೂ ಸೇರುವ ವಾರಕ್ಕೆ "ಕೂಡೋ ವಾರ" ಎಂದು ಹೆಸರಿಟ್ಟಿದ್ದರು. ಆ ವಾರ ಭಾವನನ್ನು ನೋಡಬೇಕಿತ್ತು. ಬೆಳಗ್ಗೆ ಎದ್ದು ನುಣ್ಣಗೆ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಳೆ ಬದನೆಕಾಯಿ ಸಿಗುತ್ತದೆಂದು ನ್ಯೂಯಾರ್ಕಿನಾಚೆ ಫ್ಲೋರಲ್ ಪಾರ್ಕಿನ ಇಂಡಿಯನ್ ಅಂಗಡಿಯವರೆಗೂ ಡ್ರೈವ್ ಮಾಡುತ್ತಿದ್ದರು. ಸಂಜೆ ನಾನು ನ್ಯೂಯಾರ್ಕಿನಿಂದ ಬಂದು ಮೆಟುಚೆನ್‌ನಲ್ಲಿ ರೈಲಿಳಿದರೆ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ನಿಂತಿರುತ್ತಿದ್ದರು. ಅಕ್ಕನ ಮನೆಯಲ್ಲಿ ಕೂಡೋ ವಾರದ ಲೆಕ್ಕ ಇಟ್ಟವರಿಲ್ಲ. ನಾನು ಇಟ್ಟಿದ್ದೆ, ಹೆಣ್ಣುಮಕ್ಕಳು ತಮ್ಮ ತಿಂಗಳ ಲೆಕ್ಕ ಇಡುವ ಹಾಗೆ, ಮನಸ್ಸಿನಲ್ಲೇ.

ನನಗೆ ಕಾರು ಕಲಿಸಿದವರೂ ಅವರೇ. ನನ್ನ ಗಂಡ ಹೇಳಿಕೊಡಲು ಬಂದು, ಎರಡನೆಯ ದಿನವೇ ಕಿರುಚಾಡಿ ಕೈಬಿಟ್ಟಿದ್ದರು. ಭಾವ ನಸುಕಿನಲ್ಲಿ ಮಾಲಿನ ಖಾಲಿ ಪಾರ್ಕಿಂಗ್ ಲಾಟಿಗೆ ಕರೆದೊಯ್ಯುತ್ತಿದ್ದರು. ನನಗೆ ಬೆಳಗು, ಅವರಿಗೆ ಆಗ ಸಂಜೆ. "ಯಾರು ಹಾರ್ನ್ ಹೊಡೆದ್ರೂ ಗಾಬರಿ ಆಗ್ಬೇಡ. ಅವರಿಗೆ ಅವಸರ ಇರೋದು ಅವರ ಕಷ್ಟ, ನಿನ್ನ ತಪ್ಪಲ್ಲ" ಎನ್ನುತ್ತಿದ್ದರು. ಇವತ್ತಿಗೂ ಟರ್ನ್‌ಪೈಕ್ ಹೆದ್ದಾರಿ ಹತ್ತುವಾಗ ಆ ಮಾತೇ ನನಗೆ ಧೈರ್ಯ.

ಅವರಿಗೆ ಒಬ್ಬಳೇ ಮಗಳು. ಅವಳ ಮದುವೆ ಗೊತ್ತಾದಾಗ ಪುರೋಹಿತರು ಎರಡು ಮುಹೂರ್ತ ಕೊಟ್ಟರು, ಎರಡೂ ಬೆಳಗಿನವು. ಮೊದಲನೆಯದು ಕೂಡೋ ವಾರದಲ್ಲೇ ಬಿದ್ದಿತ್ತು. ಎರಡನೆಯದು ಅದಾಗಿ ಎರಡು ವಾರಕ್ಕೆ, ಅಂದರೆ ಭಾವನ ನಟ್ಟಿರುಳು. ಹುಡುಗನ ಕಡೆಯವರು ಎರಡನೆಯದೇ ಆಗಲಿ ಎಂದರು. ಮಕ್ಕಳ ಸ್ಕೂಲಿಗೆ ಅಷ್ಟರಲ್ಲಿ ರಜ ಬರುತ್ತದೆ, ಮದುವೆಯ ಹಾಲ್ ಕೂಡ ದೊಡ್ಡದು ಸಿಗುತ್ತದೆ. ತಮಗಾಗಿ ಎಂದೂ ಏನೂ ಕೇಳದ ಭಾವ ಅವತ್ತು ಬಾಯಿಬಿಟ್ಟು ಕೇಳಿದರು.

"ಮೊದಲನೇದು ಇಟ್ಕೊಳ್ಳೋಣ. ಅವತ್ತು ನಾನು ಎದ್ದಿರ್ತೀನಿ. ಅವಳನ್ನ ಧಾರೆ ಎರೆಯೋವಾಗ ನನಗೆ ಪೂರ್ತಿ ಎಚ್ಚರ ಇರ್ಬೇಕು."

ಬೀಗರು ನಕ್ಕರು. "ಅಲಾರಮ್ ಇಟ್ಕೊಂಡ್ರಾಯ್ತು ಬಿಡಿ ಸಾರ್!"

"ಮಗಳ ಮದ್ವೆ ದಿನಾನೂ ಎದ್ದಿರೋಕಾಗಲ್ವಾ ನಿಮಗೆ?" ಎಂದು ಅಕ್ಕ ಎಲ್ಲರೆದುರಿಗೇ ಕೇಳಿದಳು.

ಮಗಳು ಮಾತ್ರ ಮೆತ್ತಗೆ, "ಅಪ್ಪಾ, ಇಟ್ಸ್ ಜಸ್ಟ್ ಒನ್ ಮಾರ್ನಿಂಗ್" ಎಂದಳು.

ನಾನು ಬಾಯಿ ಹಾಕಿದೆ. ನಿನಗಿದೆಲ್ಲ ಗೊತ್ತಾಗಲ್ಲ ಸುಮ್ಮನಿರು ಎಂದು ಅಕ್ಕ ಬಾಯಿ ಮುಚ್ಚಿಸಿದಳು. ರಜೆ ನೋಡಿದರು, ಹಾಲ್ ನೋಡಿದರು, ಊಟದವರನ್ನೂ ಫೋಟೋದವರನ್ನೂ ಕೇಳಿದರು. ಹೆಣ್ಣು ಕೊಡುವ ಅಪ್ಪನ ಹೊತ್ತು ಯಾರಿಗೂ ಬೇಕಾಗಲಿಲ್ಲ.

ಮದುವೆಯ ಬೆಳಗ್ಗೆ ಭಾವ ನಿದ್ದೆಯಿಂದ ಎದ್ದು ಬಂದದ್ದಲ್ಲ. ಮಲಗಿದರೆ ಏಳಲಾರೆನೆಂಬ ಹೆದರಿಕೆಗೆ ಎರಡು ದಿನದಿಂದ ಮಲಗಿಯೇ ಇರಲಿಲ್ಲ. ಕಣ್ಣು ಕೆಂಡ, ಎಚ್ಚರವಿರಲೆಂದು ಬಾಯಲ್ಲಿ ಕಾಫಿಪುಡಿ. ಮಂಟಪದಲ್ಲಿ ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ. ಮದುಮಕ್ಕಳ ಕೈಮೇಲೆ ತೆಂಗಿನಕಾಯಿ, ಕೆಳಗೆ ಆಸರೆಯಾಗಿ ಭಾವನ ಬೊಗಸೆ. ಅಕ್ಕ ಗಿಂಡಿಯಿಂದ ನೀರು ಬಿಡುತ್ತಿದ್ದಳು. ಪುರೋಹಿತರ ಮಂತ್ರ ಜೋಗುಳದಂತೆ ಒಂದೇ ಏರಿಳಿತದಲ್ಲಿ ಸಾಗಿತ್ತು. ಭಾವನ ತಲೆ ಮುಂದಕ್ಕೆ ವಾಲಿತು. ನಾನು ಭುಜ ಹಿಡಿಯುವಷ್ಟರಲ್ಲಿ ಬೊಗಸೆ ಬಿಚ್ಚಿ, ಕಾಯಿ ಮಂಟಪದ ಮೇಲೆ ಉರುಳಿ ಹುಡುಗನ ಅಪ್ಪನ ಕಾಲ ಬಳಿ ನಿಂತಿತು.

ಎರಡನೆಯ ಸಾಲಿನಿಂದ ಯಾರೋ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. "ಬೆಳಬೆಳಗ್ಗೇನೇ ಹಾಕ್ಕೊಂಡಿದಾರೆ ಅನ್ಸತ್ತೆ." ಮೈ ಕೊರೆಯುವ ಆ ಹಿಮದಲ್ಲೂ ಒಂದು ತೊಟ್ಟು ಕುಡಿಯದೆ ಬಂದ ಮನುಷ್ಯ ಅವರು. ಊಟಕ್ಕೆ ಕೂರುವಷ್ಟರಲ್ಲಿ ಅದರ ವಿಡಿಯೋ ಎಲ್ಲರ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು. ಹೋಳಿಗೆ ತಿನ್ನುತ್ತ ನೋಡಿ ನಕ್ಕವರ ಮುಖಗಳು ನನಗೆ ಇನ್ನೂ ನೆನಪಿವೆ. ಅವರಲ್ಲಿ ಯಾರ ಮನೆಯ ಹೊಸಿಲನ್ನೂ ನಾನು ಮತ್ತೆ ತುಳಿದಿಲ್ಲ.

ಮಗಳು ಜಗಳವಾಡಲಿಲ್ಲ. "ಯೂ ಕುಡಂಟ್ ಗಿವ್ ಮಿ ಒನ್ ಮಾರ್ನಿಂಗ್" ಎಂದಷ್ಟೇ ಹೇಳಿ ಹೋದಳು. ಅಪ್ಪನಿಗೆ ಫೋನ್ ಮಾಡುವುದನ್ನು ನಿಲ್ಲಿಸಿದಳು. ಅದುವರೆಗೆ ಏನೇ ಅಂದರೂ ಗಂಡನ ಪಾಲಿನ ತಟ್ಟೆಯನ್ನು ಮುಚ್ಚಿಡುತ್ತಿದ್ದ ಅಕ್ಕ ಅದನ್ನೂ ನಿಲ್ಲಿಸಿದಳು. ಎದ್ದು ಬಂದ ಭಾವ ಫ್ರಿಜ್ಜಿನಿಂದ ತಣ್ಣನೆಯ ಅನ್ನ ತೆಗೆದು, ಮೊಸರು ಕಲಸಿಕೊಂಡು, ಸಿಂಕಿನ ಪಕ್ಕ ನಿಂತೇ ತಿನ್ನುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಮ್ಮೆ ತಡೆಯಲಾರದೆ, "ಎಲ್ರನ್ನೂ ನಿಲ್ಲಿಸಿ ಬೈದುಬಿಡಿ ಭಾವ" ಎಂದೆ.

"ಬೈದ್ರೆ ಏನಾಗತ್ತಮ್ಮ? ಅವಳು ಕೇಳಿದ್ದು ಒಂದು ಬೆಳಗ್ಗೆ. ನನ್ನ ಹತ್ರ ಅವತ್ತು ಇದ್ದಿದ್ದು ರಾತ್ರಿ. ಇದ್ದಿದ್ದನ್ನೇ ಕೊಟ್ಟೆ."

ಕಳೆದ ಚಳಿಗಾಲದಲ್ಲಿ ಒಂದು ಬೆಳಗ್ಗೆ ಅವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಆಗಲೂ ಇಲ್ಲ. ಆಫೀಸಿನಲ್ಲಿದ್ದ ಅಕ್ಕನಿಗೆ ಮಾಡಿದೆ.

"ಮಲಗಿರ್ತಾರೆ ಬಿಡೇ. ಅವರು ಎದ್ದಿರೋದು ಯಾವತ್ತು?"

"ಅಕ್ಕ, ಇದು ಕೂಡೋ ವಾರ. ಈ ಹೊತ್ತಿಗೆ ಎದ್ದಿರ್ತಾರೆ."

"ನಿಂಗೊಂದು ಹುಚ್ಚು. ನಂಗೆ ಮೀಟಿಂಗ್ ಇದೆ" ಎಂದು ಫೋನ್ ಇಟ್ಟಳು.

ನಾನು ಕಾರು ತೆಗೆದೆ. ಹಿಂದಿನಿಂದ ಯಾರ‍್ಯಾರೋ ಹಾರ್ನ್ ಹೊಡೆದರು. ಅಕ್ಕ ನನಗೆಂದು ಕೊಟ್ಟಿದ್ದ ಬೀಗದ ಕೈಯಿಂದ ಬಾಗಿಲು ತೆರೆದರೆ, ಭಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಇಸ್ತ್ರಿ ಮಾಡಿದ ಅಂಗಿ, ನುಣ್ಣಗೆ ಹೆರೆದ ಗಡ್ಡ, ಪಕ್ಕದಲ್ಲಿ ಅರ್ಧ ಕುಡಿದಿಟ್ಟ ಕಾಫಿ. ಲೋಟ ತಣ್ಣಗಾಗಿತ್ತು, ಅವರ ಕೈಯೂ. ಆಂಬುಲೆನ್ಸಿನವರು ಬಂದು ನೋಡಿ, ಹೃದಯ ನಿಂತು ಬಹಳ ಹೊತ್ತಾಗಿದೆ ಎಂದರು.

ಫ್ಯೂನರಲ್ ಹೋಮಿನಲ್ಲಿ ಬೆಳಗಿನ ಹೊತ್ತನ್ನೇ ಗೊತ್ತುಮಾಡಿದ್ದರು. ಭಾವನ ಕೂಡೋ ವಾರ ಇನ್ನೂ ಮುಗಿದಿರಲಿಲ್ಲ. ಬದುಕಿದ್ದಷ್ಟು ದಿನ ಯಾರೂ ಹೊಂದಿಸಿಕೊಡದ ಮುಹೂರ್ತವನ್ನು ಸತ್ತ ಮೇಲೆ, ಅದೂ ಗೊತ್ತಿಲ್ಲದೆ, ಹೊಂದಿಸಿಕೊಟ್ಟಿದ್ದೆವು. ಅಲಾರಮ್ ಇಟ್ಟುಕೊಳ್ಳಿ ಎಂದಿದ್ದ ಬೀಗರೂ ಬಂದಿದ್ದರು. ಪೆಟ್ಟಿಗೆಯ ಮುಂದೆ ಕೈಮುಗಿದು ನಿಂತು, "ಪಾಪ, ಮಲಗಿದ ಹಾಗೇ ಇದಾರೆ. ನಿದ್ದೇಲೇ ಹೋಗ್ಬಿಟ್ರಂತೆ. ಪುಣ್ಯವಂತರು" ಎಂದರು. ಅಕ್ಕ ಸೆರಗು ಬಾಯಿಗಿಟ್ಟು ಬಿಕ್ಕುತ್ತ ಹೌದೆನ್ನುವಂತೆ ತಲೆಯಾಡಿಸಿದಳು.

ಮಗಳು ಪೆಟ್ಟಿಗೆಯ ಪಕ್ಕ ಬಂದು ನಿಂತಳು. ಮದುವೆಯಾದ ಮೇಲೆ ಅವಳು ಅಪ್ಪನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದಳು. ಬಲಗೆನ್ನೆಯನ್ನು ಬೆರಳಿನಿಂದ ಸವರಿದಳು. ಅಲ್ಲಿ ಗೆರೆ ಇರಲಿಲ್ಲ.

"ಚಿಕ್ಕಮ್ಮ," ಎಂದಳು ನನ್ನತ್ತ ತಿರುಗದೆ, "ವಾಸ್ ಹಿ ರಿಯಲಿ ಸ್ಲೀಪಿಂಗ್?"

"ಇಲ್ಲ ಪುಟ್ಟಿ," ಎಂದೆ. "ನಿಮ್ಮಪ್ಪ ಎದ್ದಿದ್ರು."