ಬಾಗಿಲಾಚೆ ಕೇಳಿದ ಕೊನೆ

ಬೆಳಕು ಹರಿಯುವ ಮುಂಚೆ ಟಾರ್ಚಕ್ಕ ಮಾಡಬೇಕಾದ ಕೆಲಸಗಳು ಇವು: ಮೋಟರ್ ಹಾಕಿ ಟ್ಯಾಂಕ್ ತುಂಬಿಸುವುದು, ತುಂಬಿ ಚೆಲ್ಲುವ ಮೊದಲೇ ಓಡಿಹೋಗಿ ಆರಿಸುವುದು. ರಾತ್ರಿ ನೆನೆಹಾಕಿದ ಪಾತ್ರೆ ತಿಕ್ಕುವುದು, ಸದ್ದಾಗದ ಹಾಗೆ. ಹಾಲು ಕಾಯಿಸುವುದು. ಅಣ್ಣನ ಬಿಪಿ ಮಾತ್ರೆಯನ್ನು ತಟ್ಟೆಯ ಮೂಲೆಯಲ್ಲಿಡುವುದು. ನೀರಿನ ಲೋಟ ಪಕ್ಕದಲ್ಲೇ ಇರಬೇಕು, ಇಲ್ಲದಿದ್ದರೆ ಅಣ್ಣ ಮಾತ್ರೆಯನ್ನು ನೋಡುತ್ತಾ ಕೂತುಬಿಡುತ್ತಾನೆ. ಅತ್ತಿಗೆಯ ಮಂಡಿಗೆ ಬಿಸಿನೀರಿನ ಚೀಲ. ಅಣ್ಣನ ಮಗನ ಅಂಗಿಗೆ ಇಸ್ತ್ರಿ, ಕಾಲರಿಗೆ ಎರಡು ಸಲ. ಬಟ್ಟೆ ನೆನೆಹಾಕುವುದು. ಇಷ್ಟಾದ ಮೇಲೆ ಹೊರಗೆ ಮೊದಲ ಬಸ್ಸಿನ ಸದ್ದು ಕೇಳುತ್ತದೆ. ಆಗ ಆ ಮನೆಯ ಪಾಲಿಗೆ ಬೆಳಗಾಯಿತು ಎಂದು ಅರ್ಥ.

ಅವಳಿಗೆ ಒಂದು ಹೆಸರಿದೆ, ರೇಷನ್ ಕಾರ್ಡಿನಲ್ಲಿ. ಊರಿಗೆ ಅವಳು ಟಾರ್ಚಕ್ಕ. ಹಳೆಯ ಚಿತ್ರಮಂದಿರದಲ್ಲಿ ಹೆಂಗಸರ ಕಡೆಯ ಬಾಗಿಲು ಕಾಯುತ್ತಿದ್ದವಳು, ಕತ್ತಲಲ್ಲಿ ಟಾರ್ಚ್ ಬಿಟ್ಟು ಕುರ್ಚಿ ತೋರಿಸುತ್ತಿದ್ದವಳು. ಮದುವೆಯಾಗಲಿಲ್ಲ. ಯಾಕೆ ಅಂತ ಕೇಳಿದವರಿಗೆ ಅತ್ತಿಗೆಯೇ ಉತ್ತರ ಕೊಡುತ್ತಾಳೆ: "ಇವಳು ಹೋದ್ರೆ ಈ ಮನೆಗೆ ಯಾರಿದ್ದಾರೆ?" ಹೊಗಳಿಕೆಯ ಹಾಗೆ ಹೇಳುತ್ತಾಳೆ. ಟಾರ್ಚಕ್ಕನೂ ಬಹಳ ವರ್ಷ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು.

ಚಿತ್ರಮಂದಿರ ಮುಚ್ಚಿ ಎಷ್ಟೋ ಕಾಲವಾಗಿತ್ತು. ಹಳೆಯ ಸಿನಿಮಾದ ಹುಚ್ಚು ಹಿಡಿದ ಕೆಲವರು ಸೇರಿ ಅದನ್ನು ಈಗ ಮತ್ತೆ ತೆರೆದಿದ್ದಾರೆ. ತಿಂಗಳಿಗೊಂದು ಕಪ್ಪು-ಬಿಳುಪು ಚಿತ್ರ, ಅದಕ್ಕೆ ಮೊದಲು ಒಂದು ಭಾಷಣ, ಲಾಬಿಯಲ್ಲಿ ಹಳೆಯ ಪೋಸ್ಟರುಗಳು. ಅವುಗಳ ಜೊತೆಗೆ ಟಾರ್ಚಕ್ಕ. ಅವಳ ಹಳೆಯ ನೀಲಿ ಕೋಟನ್ನು ಹೊಸದಾಗಿ ಹೊಲಿಸಿಕೊಟ್ಟು ಬಾಗಿಲಲ್ಲಿ ನಿಲ್ಲಿಸಿದ್ದಾರೆ. ಜನ ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

"ಅಕ್ಕ, ಟಾರ್ಚ್ ಸ್ವಲ್ಪ ನನ್ನ ಮುಖಕ್ಕೆ ಬಿಡಿ, ಚೆನ್ನಾಗಿ ಬರುತ್ತೆ."

"ಮುಖಕ್ಕೆ ಬಿಟ್ರೆ ಬೈಸ್ಕೊಳ್ತಿದ್ವಿ ಕಣಮ್ಮ. ಕಾಲಿಗೆ ಬಿಡ್ಬೇಕು."

"ಕಾಲಿನ ಫೋಟೋ ಯಾರಿಗೆ ಬೇಕು ಅಕ್ಕ!"

ಎಲ್ಲರೂ ನಗುತ್ತಾರೆ, ಅವಳೂ. ಆಮೇಲೆ ಅವರು ಫೋನಿನೊಳಗೆ ಅವಳ ಮುಖ ಹೇಗೆ ಬಂದಿದೆ ಎಂದು ನೋಡುತ್ತಾ ಒಳಗೆ ಹೋಗುತ್ತಾರೆ. ಎದುರಿಗೆ ಇರುವ ಮುಖವನ್ನು ಯಾರೂ ತಿರುಗಿ ನೋಡುವುದಿಲ್ಲ.

ಹೋದ ವಾರ ಮ್ಯಾನೇಜರಮ್ಮ ಅವಳನ್ನು ಪಕ್ಕಕ್ಕೆ ಕರೆದಳು. ಮೂವತ್ತೈದರ ಹೆಂಗಸು, ಮಾತು ಚುರುಕು. "ಮೇಲೆ ಪ್ರೊಜೆಕ್ಟರ್ ಕೋಣೆ ಪಕ್ಕ ಒಂದು ರೂಮಿದೆ. ಕಟ್ಟಡ ನೋಡಿಕೊಂಡು ಅಲ್ಲೇ ಇರೋಕೆ ಒಬ್ರು ಬೇಕು. ಸಂಬಳ, ರೂಮು, ಒಂದು ಗ್ಯಾಸ್ ಒಲೆ. ನೀವು ಬರ್ತೀರಾ ಟಾರ್ಚಕ್ಕ? ಮುಂದಿನ ಭಾನುವಾರದ ಆಟ ಮುಗಿಯೋದ್ರೊಳಗೆ ಹೇಳಿ. ಇಲ್ಲಾಂದ್ರೆ ಸೋಮವಾರ ವಾಚ್‌ಮನ್ ಒಬ್ಬನ್ನ ಗೊತ್ತು ಮಾಡ್ತೀನಿ."

ಟಾರ್ಚಕ್ಕ ಮನೆಯಲ್ಲಿ ಬಾಯಿ ಬಿಡಲಿಲ್ಲ. ಇನ್ನೊಂದು ಸಂಗತಿಯೂ ಇತ್ತು. ಆ ಭಾನುವಾರ ಹಾಕುವ ಚಿತ್ರ ಯಾವುದು ಎಂದು ತಿಳಿದಾಗಿನಿಂದ ಅವಳಿಗೆ ನಿದ್ದೆ ಸರಿಯಾಗಿ ಬಂದಿರಲಿಲ್ಲ.

ಆ ಚಿತ್ರ ಅವಳ ಇಪ್ಪತ್ತೆರಡನೇ ವಯಸ್ಸಿನಲ್ಲಿ ಇದೇ ಚಿತ್ರಮಂದಿರಕ್ಕೆ ಬಂದು ಒಂದು ವಾರ ಓಡಿತ್ತು. ಆಗಲೂ ಅವಳ ಮುಂದೆ ಒಂದು ಕೋಣೆ ಇತ್ತು. ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದ ಗೆಳತಿಗೆ ದೊಡ್ಡ ನಗರದ ಚಿತ್ರಮಂದಿರದಲ್ಲಿ ಕೆಲಸ ಸಿಕ್ಕಿತ್ತು. "ನೀನೂ ಬಾರೇ, ಬಾಡಿಗೆ ಅರ್ಧರ್ಧ. ರಾತ್ರಿ ಮಾತಾಡೋಕೆ ಒಬ್ಬಳು ಬೇಕಲ್ಲ ನಂಗೂ," ಎಂದಿದ್ದಳು. ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ಹೊಸದಾಗಿ ಬಂದ ಅತ್ತಿಗೆ ಬಸುರಿ.

ಚಿತ್ರದ ಕಥೆಯೂ ಅಂಥದ್ದೇ ಆಗಿತ್ತು. ದೊಡ್ಡ ಮನೆಯೊಂದರ ಅಡುಗೆಮನೆಯಲ್ಲಿ ಬೇಯುವ ಹೆಣ್ಣಿಗೆ ದೂರದ ಶಾಲೆಯಿಂದ ಪಾಠ ಹೇಳಲು ಕರೆ ಬರುತ್ತದೆ. ಹೋಗುತ್ತಾಳೋ ಇಲ್ಲವೋ? ಅದೇ ಟಾರ್ಚಕ್ಕನಿಗೆ ಗೊತ್ತಿಲ್ಲದ್ದು. ಆ ಚಿತ್ರಮಂದಿರದ ಪಕ್ಕದ ಬಾಗಿಲುಗಳಿಗೆ ಓಣಿಯ ಕಡೆಯಿಂದ, ಹೊರಗಡೆ, ಕಬ್ಬಿಣದ ಪಟ್ಟಿ ಹಾಕುತ್ತಿದ್ದರು. ಒಳಗಿದ್ದವರು ತೆರೆದು ಸ್ನೇಹಿತರನ್ನು ಬಿಟ್ಟಿ ಒಳಗೆ ಬಿಟ್ಟುಕೊಳ್ಳಬಾರದಲ್ಲ. ಹಾಗಾಗಿ ಚಿತ್ರ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಬಾಗಿಲು ಕಾಯುವವರು ಎದ್ದು, ಓಣಿಗೆ ಹೋಗಿ, ಪಟ್ಟಿಗೆ ಕೈ ಕೊಟ್ಟು ನಿಲ್ಲಬೇಕಿತ್ತು. ಕೆಲಸಕ್ಕಿದ್ದಷ್ಟು ವರ್ಷವೂ ಟಾರ್ಚಕ್ಕ ಒಂದು ಚಿತ್ರದ ಕೊನೆಯನ್ನೂ ಕಂಡವಳಲ್ಲ. ಕೊನೆಗಳನ್ನು ಅವಳು ಕೇಳಿದ್ದಳು, ಬಾಗಿಲಿಗೆ ಕಿವಿಗೊಟ್ಟು.

ಆ ವಾರ ಅವಳು ದಿನವೂ ಪ್ರತಿ ಆಟಕ್ಕೂ ಕೇಳಿಸಿಕೊಂಡದ್ದು ಇಷ್ಟು: ಆ ಹೆಣ್ಣನ್ನು ಕರೆದೊಯ್ಯಲು ಬಂದ ಗಾಡಿಯವನ ಕೂಗು. ಉತ್ತರವಿಲ್ಲ. ಹೆಜ್ಜೆಗಳು. ಪಾತ್ರೆಯ ಸದ್ದು. ಆಮೇಲೆ ಚುಯ್ ಎನ್ನುವ ಶಬ್ದ, ಕಾದ ಬಾಣಲೆಗೆ ಏನೋ ಹಾಕಿದ ಹಾಗೆ. ಅದರ ಮೇಲೆ ಪಿಟೀಲು. ಬಾಗಿಲು ತೆರೆದಾಗ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಾ ಬರುತ್ತಿದ್ದರು. ಒಮ್ಮೆ ಪ್ರೊಜೆಕ್ಟರ್ ಓಡಿಸುವವನನ್ನು ಕೇಳಿದಳು, "ಕೊನೇಲಿ ಏನಾಗುತ್ತೆ?" ಅವನು ರೀಲು ಸುತ್ತುತ್ತಾ, "ಏನಾಗುತ್ತೆ, ಒಲೆ ಮುಂದೇನೇ ಮುಗಿಯುತ್ತೆ," ಎಂದ.

ಸರಿ, ಹೋಗಲಿಲ್ಲ ಅವಳು, ಎಂದುಕೊಂಡಳು ಟಾರ್ಚಕ್ಕ. ಅಷ್ಟು ಓದಿದವಳೇ, ಅಷ್ಟು ಧೈರ್ಯದವಳೇ ತಿರುಗಿ ಒಲೆಗೆ ಬಂದಳು. ಗೆಳತಿ ಒಬ್ಬಳೇ ಬಸ್ ಹತ್ತಿದಳು. ಆ ವರ್ಷವೇ ತಾಯಿ ತೀರಿಕೊಂಡಳು. ಅಡುಗೆಮನೆ ಮಗಳ ಕೈಗೆ ಬಂತು. ಯಾರೂ ಕೊಡಲಿಲ್ಲ, ಸುಮ್ಮನೆ ಬಂತು.

ಭಾನುವಾರ ಬೆಳಗ್ಗೆ ಅವಳು ತಟ್ಟೆ ತೊಳೆಯುತ್ತಾ ಹೇಳಿದಳು, "ಅತ್ತಿಗೆ, ಇವತ್ತು ಮಧ್ಯಾಹ್ನ ನಾನು ಕೂತೇ ನೋಡ್ತೀನಿ. ನಿಲ್ಲೋ ಕೆಲಸ ಇಲ್ಲ. ಎರಡು ಪಾಸ್ ಕೊಟ್ಟಿದ್ದಾರೆ, ನೀವೂ ಬನ್ನಿ."

"ನಾನು ಬರ್ತೀನಿ, ನನ್ನ ಮಂಡಿ ಬರುತ್ತಾ ಕೇಳು. ಕಪ್ಪು-ಬಿಳುಪು ನೋಡೋಕೆ ಅಷ್ಟು ದೂರ ಯಾಕೇ? ನನ್ನ ಮದುವೆ ಆಲ್ಬಮ್ ತಿರುವಿಹಾಕಿದ್ರೆ ಸಾಕು. ಅದ್ರಲ್ಲೂ ಎಲ್ಲರೂ ಸತ್ತವರೇ."

ಅಣ್ಣ ಪೇಪರಿನ ಹಿಂದಿನಿಂದ ನಕ್ಕ. "ನೀನಾದ್ರೂ ಬಾರೋ ಅಣ್ಣ," ಎಂದಳು.

"ಮಧ್ಯಾಹ್ನ ನನಗೆ ನಿದ್ದೆ ಬರುತ್ತಮ್ಮ. ಅಲ್ಲಿ ಬಂದು ಗೊರಕೆ ಹೊಡೆದ್ರೆ ನಿನಗೇ ಅವಮಾನ. ಸಂಜೆ ಕಾಫಿ ಹೊತ್ತಿಗೆ ಬರ್ತೀಯ ತಾನೇ?"

ಪಕ್ಕದ ಮನೆಯವಳನ್ನು ಕೇಳಿದಳು. ಅವಳ ಮನೆಯಲ್ಲಿ ನೆಂಟರು. ಆಮೇಲೆ ಕೇಳುವುದಕ್ಕೆ ಯಾರ ಹೆಸರೂ ನೆನಪಾಗಲಿಲ್ಲ. ಎರಡನೇ ಪಾಸು ಚೀಲದಲ್ಲೇ ಉಳಿಯಿತು.

ಲಾಬಿಯಲ್ಲಿ ಮ್ಯಾನೇಜರಮ್ಮ ಓಡಾಟದ ನಡುವೆ ನಿಂತಳು. "ರೂಮಿನ ವಿಷಯ ಏನು ಮಾಡಿದ್ರಿ?"

"ಸಿನಿಮಾ ಮುಗೀಲಿ. ಹೇಳ್ತೀನಿ."

"ಅಂಥದ್ದೇನಿದೆ ಅದ್ರಲ್ಲಿ?"

"ಕೊನೆ ನೋಡಿಲ್ಲ ನಾನು."

"ಇಷ್ಟು ವರ್ಷ ಇಲ್ಲೇ ಇದ್ದು?"

"ಇದ್ದೆ. ಬಾಗಿಲ ಆಚೆ."

ಮ್ಯಾನೇಜರಮ್ಮನಿಗೆ ಅದು ಅರ್ಥವಾಗುವಷ್ಟು ಹೊತ್ತಿರಲಿಲ್ಲ. ಯಾರೋ ಮೈಕ್ ಸರಿಯಿಲ್ಲ ಎಂದು ಕರೆದರು.

ನಡುವಿನ ಸಾಲಿನಲ್ಲಿ ಟಾರ್ಚಕ್ಕ ಕೂತಳು. ಸಾವಿರಾರು ಜನರಿಗೆ ತೋರಿಸಿದ ಕುರ್ಚಿಗಳಲ್ಲಿ ಒಂದರಲ್ಲಿ ತಾನು ಹೀಗೆ ಒರಗಿ ಕೂರುವುದು ವಿಚಿತ್ರವಾಗಿತ್ತು. ಕೈ ಎಲ್ಲಿಡಬೇಕೆಂದು ತೋಚದೆ ತೊಡೆಯ ಮೇಲಿಟ್ಟುಕೊಂಡಳು. ಪಕ್ಕದ ಕುರ್ಚಿಯ ಮೇಲೆ ಅವಳ ಚೀಲವಿತ್ತು.

"ಇಲ್ಲಿ ಯಾರಾದ್ರೂ ಬರ್ತಾರಾ?" ಎಂದು ಒಬ್ಬಾತ ಕೇಳಿದ.

"ಬರ್ತಾರೆ," ಎಂದಳು. ದೀಪ ಆರುವವರೆಗೂ ಬಾಗಿಲ ಕಡೆ ಎರಡು ಮೂರು ಸಲ ನೋಡಿದಳು ಕೂಡ, ಸುಳ್ಳನ್ನು ನಿಜ ಮಾಡುವವಳ ಹಾಗೆ.

ಚಿತ್ರದ ಮೊದಲ ಭಾಗವೂ ಅವಳಿಗೆ ಹೊಸದೇ. ತಡವಾಗಿ ಬರುವವರಿಗೆ ದಾರಿ ತೋರಿಸುವ ಭರದಲ್ಲಿ ಆಗ ಅದೂ ತಪ್ಪಿಹೋಗಿತ್ತು. ಆ ಹೆಣ್ಣು ಬೆಳಗಿನ ಕತ್ತಲಲ್ಲಿ ಏಳುತ್ತಿದ್ದಳು, ಒಲೆ ಹೊತ್ತಿಸುತ್ತಿದ್ದಳು, ಬಡಿಸುತ್ತಿದ್ದಳು. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳ ಕೆರೆದು ತಾನು ಉಣ್ಣುತ್ತಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ "ಎಷ್ಟು ಚಂದ ಬೆಳಕು ಬಿಟ್ಟಿದ್ದಾರೆ ನೋಡು" ಎಂದು ಪಿಸುಗುಟ್ಟಿದರು. ಟಾರ್ಚಕ್ಕನಿಗೆ ಕಂಡದ್ದು ಕೆರೆದ ಪಾತ್ರೆ.

ಶಾಲೆಯ ಕರೆ ಬಂತು. ಮನೆಯವರು ಕೂಗಾಡಿದರು. ಆಮೇಲೆ ಎಲ್ಲರೂ ಸಮಾಧಾನವಾಗಿ ಊಟಕ್ಕೆ ಕೂತರು, ಅವಳೇ ಬಡಿಸಿದಳು. ತಾಯಿ ಮಲಗಿದ ಕೋಣೆಗೆ ಹೋಗಿ ಹೊದಿಕೆ ಸರಿಮಾಡಿದಳು. ಪಿಟೀಲಿನ ಒಂದು ಎಳೆ ಶುರುವಾಯಿತು. ಆ ಎಳೆ ಕಿವಿಗೆ ಬಿದ್ದದ್ದೇ ಟಾರ್ಚಕ್ಕ ಎದ್ದಳು. ಯೋಚಿಸಿ ಎದ್ದದ್ದಲ್ಲ. ಜನರ ಮಂಡಿಗಳನ್ನು ತಪ್ಪಿಸಿಕೊಂಡು, ಗೋಡೆಯುದ್ದಕ್ಕೂ ನಡೆದು, ಪಕ್ಕದ ಬಾಗಿಲನ್ನು ತಳ್ಳಿ ಓಣಿಗಿಳಿದು, ಪಟ್ಟಿಗಾಗಿ ಕೈ ಚಾಚಿದಳು.

ಪಟ್ಟಿ ಇರಲಿಲ್ಲ. ಬಾಗಿಲು ಹಿಂದಿನಿಂದ ತಾನಾಗಿಯೇ ಮುಚ್ಚಿಕೊಂಡಿತ್ತು. ಇವು ಹೊಸ ಬಾಗಿಲುಗಳು: ಒಳಗಿಂದ ತಳ್ಳಿದರೆ ತೆರೆಯುತ್ತವೆ, ಹೊರಗೆ ಹಿಡಿಯೇ ಇಲ್ಲ. ಈ ಬಾಗಿಲನ್ನು ಅವಳು ಬಂದು ತೆರೆಯಲಿ ಎಂದು ಯಾರೂ ಕಾಯುತ್ತಿರಲಿಲ್ಲ.

"ಅಯ್ಯೋ, ನನ್ನ ಬುದ್ಧಿಗಿಷ್ಟು," ಎಂದುಕೊಂಡಳು ಗಟ್ಟಿಯಾಗಿ. ಮುಂಬಾಗಿಲಿಗೆ ಸುತ್ತಿಕೊಂಡು ಹೋಗೋಣವೆಂದು ನಾಲ್ಕು ಹೆಜ್ಜೆ ಓಡಿದಳು. ಅಷ್ಟರಲ್ಲಿ ಒಳಗೆ ಗಾಡಿಯವನು ಕೂಗಿದ. ಇನ್ನು ಓಡಿದರೆ ನೋಡುವುದೂ ಇಲ್ಲ, ಕೇಳುವುದೂ ಇಲ್ಲ. ವಾಪಸ್ ಬಂದು ಬಾಗಿಲಿಗೆ ಕಿವಿ ಇಟ್ಟಳು.

ಉತ್ತರವಿಲ್ಲ. ಹೆಜ್ಜೆಗಳು. ಪಾತ್ರೆ. ಚುಯ್.

ಟಾರ್ಚಕ್ಕ ಬಾಗಿಲಿನಿಂದ ತಲೆ ಎತ್ತಿದಳು.

ಅದು ಬಾಣಲೆಯ ಸದ್ದಲ್ಲ. ಎಣ್ಣೆಗೆ ಏನು ಬಿದ್ದರೂ ಚಟಪಟ ಎಂದು ಒಡೆದೊಡೆದು ಸದ್ದಾಗುತ್ತದೆ. ಇದು ಒಂದೇ ಉಸಿರು. ಎದ್ದು, ಇಳಿದು, ಇಲ್ಲವಾಗುವಂಥದ್ದು. ಉರಿಯುವ ಸೌದೆಗೆ ಚೊಂಬು ನೀರು ಸುರಿದಾಗ ಬರುವ ಸದ್ದು. ಇಪ್ಪತ್ತೆರಡರಲ್ಲಿ ಅವಳಿಗೆ ಇದು ಗೊತ್ತಿರಲಿಲ್ಲ. ಆಗ ಒಲೆ ತಾಯಿಯದಾಗಿತ್ತು. ಆಮೇಲೆ ಹಿತ್ತಿಲಿನ ಸ್ನಾನದ ಒಲೆಯನ್ನು ಎಷ್ಟು ವರ್ಷ ಅವಳೇ ಉರಿಸಿದ್ದಳು, ಅವಳೇ ಆರಿಸಿದ್ದಳು. ಈ ಸದ್ದನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗಿಲ್ಲ.

ಒಲೆ ಮುಂದೆಯೇ ಮುಗಿಯುತ್ತದೆ. ಪ್ರೊಜೆಕ್ಟರಿನವನು ಸುಳ್ಳು ಹೇಳಿರಲಿಲ್ಲ. ಆರಿಸಿ ಹೋದಳು ಎನ್ನುವುದು ಅವನಿಗೆ ಹೇಳಬೇಕಾದ ವಿಷಯ ಅನ್ನಿಸಿರಲಿಲ್ಲ, ಅಷ್ಟೆ. ಕಣ್ಣೊರೆಸಿಕೊಂಡು ಬಂದ ಹೆಂಗಸರಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಅವಳು ಕೇಳಿರಲಿಲ್ಲ.

ಓಣಿಯ ಗೋಡೆಗೆ ಒರಗಿ ನಿಂತಳು. ಅಳು ಬರಬಹುದೆಂದು ಕಾದಳು, ಬರಲಿಲ್ಲ. ಒಲೆ ಆರಿಸಿ ಹೋದವಳ ಬಗ್ಗೆ ಯೋಚನೆ ಬಂತು. ಮರುದಿನ ಆ ಊರಿನಲ್ಲಿ ಅವಳು ಎಲ್ಲಿ ಅನ್ನ ಬೇಯಿಸಿಕೊಂಡಳು? ಬೇಯಿಸಿ ಯಾರ ಜೊತೆ ಉಂಡಳು? ಅದನ್ನು ತೋರಿಸುವ ಮೊದಲೇ ಪಿಟೀಲು ನುಡಿಸಿ ದೀಪ ಹಾಕಿಬಿಡುತ್ತಾರೆ.

ಮೇಲಿನ ಕೋಣೆಯಲ್ಲಿ ಮಾತಾಡುವುದಕ್ಕೆ ಯಾರೂ ಇರುವುದಿಲ್ಲ. ಮನೆಯಲ್ಲಿ ತನ್ನ ಜೊತೆ ಯಾರು ಮಾತಾಡುತ್ತಾರೆ? ಕಾಫಿಯ ಜೊತೆ, ಮಾತ್ರೆಯ ಜೊತೆ, ಇಸ್ತ್ರಿಯ ಜೊತೆ ಮಾತಾಡುತ್ತಾರೆ.

ಸೊಂಟಕ್ಕೆ ಸಿಕ್ಕಿಸಿದ್ದ ಫೋನ್ ಹೊಡೆದುಕೊಂಡಿತು. ಅತ್ತಿಗೆ.

"ಎಲ್ಲಿದ್ದೀಯೇ? ನಿಮ್ಮಣ್ಣ ಎದ್ದು ಆಗ್ಲೇ ಅಡುಗೆಮನೆ ಬಾಗಿಲು ನೋಡ್ತಾ ಕೂತಿದ್ದಾರೆ. ಕಾಫಿಪುಡಿ ಎಲ್ಲಿಟ್ಟಿದ್ದೀಯೋ ನಂಗೊಂದೂ ಸಿಗ್ತಿಲ್ಲ."

"ಮೇಲಿನ ಶೆಲ್ಫು. ನೀಲಿ ಡಬ್ಬ."

"ಬಂದು ನೀನೇ ಮಾಡಬಾರದಾ? ಮುಗೀತಲ್ಲ ಸಿನಿಮಾ."

"ಮುಗೀತು ಅತ್ತಿಗೆ. ನಾನು ಇಲ್ಲೇ ಮೇಲೊಂದು ರೂಮಿದೆ, ಅಲ್ಲಿರ್ತೀನಿ. ಕೆಲಸಕ್ಕೆ. ಬಟ್ಟೆ ತಗೊಳ್ಳೋಕೆ ನಾಳೆ ಬರ್ತೀನಿ."

"ರೂಮಾ? ಒಂದು ಕಾಫಿ ಕೇಳಿದ್ದಕ್ಕೆ ಮನೆ ಬಿಡ್ತಾರೇನೇ ಯಾರಾದ್ರೂ?" ಆಮೇಲೆ ದನಿ ತಗ್ಗಿತು. "ಅಲ್ಲಿ ಒಬ್ಬಳೇ ಹೆಂಗಿರ್ತೀಯೇ?"

ಅಷ್ಟು ವರ್ಷದಲ್ಲಿ ಅತ್ತಿಗೆ ಅವಳ ಬಗ್ಗೆ ಕೇಳಿದ ಪ್ರಶ್ನೆ ಅದೊಂದೇ ಇರಬೇಕು.

"ನೋಡ್ಬೇಕು," ಎಂದಳು ಟಾರ್ಚಕ್ಕ.

ಬಾಗಿಲುಗಳು ಒಳಗಿನಿಂದ ತೆರೆದುಕೊಂಡವು. ಜನ ಮಾತಾಡುತ್ತಾ ಅವಳ ಎರಡೂ ಬದಿಯಿಂದ ಹರಿದುಹೋದರು. ಅವಳು ಗೋಡೆ ಹಿಡಿದುಕೊಂಡು, ಆ ಗುಂಪಿಗೆ ಎದುರಾಗಿ, ಮ್ಯಾನೇಜರಮ್ಮನನ್ನು ಹುಡುಕಿಕೊಂಡು ಒಳಗೆ ನಡೆದಳು.